ಮೈಮೇಲೆ ಬರೆದ ಇನ್ನೊಂದು ಮೈ: ಹಚ್ಚೆ, ಮುಖವರ್ಣಿಕೆ ಮತ್ತು ವಿಚಿತ್ರ ದೇಹಚಿತ್ರಗಳು

ಶಿರಿಯ: ತೋಳಿನ ಚರ್ಮ ಹರಿದು ಒಳಗಿನಿಂದ ಹಲ್ಲುಚಕ್ರ ಕಾಣುವಂತೆ ಹಾಕಿದ ಹಚ್ಚೆ. ಅರ್ಧ ಮುಖ ಮನುಷ್ಯನದ್ದು, ಇನ್ನರ್ಧ ತಲೆಬುರುಡೆ. ಅಂಗೈ ನಡುವೆ ಕಣ್ಣು, ಎದೆಯ ಗೂಡಿನೊಳಗೆ ಹಕ್ಕಿ. ಇಂತಹ ಚಿತ್ರಗಳು ಈಗ ಟ್ಯಾಟೂ ಅಂಗಡಿಗಳ ಮಾದರಿ ಪುಸ್ತಕಗಳಲ್ಲಿ ಸಾಮಾನ್ಯವಾಗಿವೆ. ಮೊಬೈಲಿನಲ್ಲಿ ಇವುಗಳನ್ನು ನೋಡಿದ ಗಡಿನಾಡಿನ ಹುಡುಗರು ತಮಗೂ ಅಂತಹದ್ದು ಬೇಕೆಂದು ಮಂಗಳೂರಿಗೋ ಕಾಸರಗೋಡಿಗೋ ಹೋಗುತ್ತಾರೆ. ಮನೆಯ ಹಿರಿಯರು ಇದನ್ನು ಪರದೇಶದ ಹುಚ್ಚು ಎಂದು ಬೈಯುತ್ತಾರೆ.

ಆದರೆ ಮನುಷ್ಯನ ದೇಹವನ್ನು ಇದ್ದಂತೆ ಬರೆಯದೆ ಬೇರೆಯಾಗಿಸಿ ಬರೆಯುವ ಕಲೆ ಈ ನೆಲಕ್ಕೆ ಹೊಸದಲ್ಲ. ಕುಂಬಳೆ ಮತ್ತು ಬಂದ್ಯೋಡಿನ ನಡುವೆ ಇರುವ ಶಿರಿಯದಿಂದ ಉತ್ತರಕ್ಕೆ ಹೋದರೆ ಭೂತಕೋಲ, ದಕ್ಷಿಣಕ್ಕೆ ಚಂದ್ರಗಿರಿ ಹೊಳೆ ದಾಟಿದರೆ ತೆಯ್ಯಂ, ಎರಡರ ನಡುವೆ ತೆಂಕುತಿಟ್ಟಿನ ಯಕ್ಷಗಾನ. ಮೂರರಲ್ಲಿಯೂ ಮನುಷ್ಯನ ಮುಖವನ್ನು ಮನುಷ್ಯನದ್ದಲ್ಲದಂತೆ ಮಾಡುವ ವಿದ್ಯೆ ಇದೆ. ಹಳೆಯ ಪದ್ಧತಿ ಯಾವುದು, ಹೊಸದು ಎಲ್ಲಿಂದ ಬಂತು, ಚರ್ಮದೊಳಗೆ ಬಣ್ಣ ಹೋದಾಗ ಏನಾಗುತ್ತದೆ, ಹಾಕಿಸಿಕೊಳ್ಳುವವರು ಯಾವುದನ್ನು ಗಮನಿಸಬೇಕು ಎಂಬ ವಿವರಗಳು ಇಲ್ಲಿವೆ.

ಪಚ್ಚೆಯೇ ಹಚ್ಚೆ

ಹಚ್ಚೆ ಎಂಬ ಶಬ್ದದ ಮೂಲವನ್ನು ಗಡಿನಾಡಿನವರಿಗೆ ವಿವರಿಸುವುದು ಸುಲಭ. ಮಲಯಾಳದಲ್ಲಿ ಇದಕ್ಕೆ 'ಪಚ್ಚಕುತ್ತ್' ಎನ್ನುತ್ತಾರೆ. ಪಚ್ಚ ಎಂದರೆ ಹಸಿರು, ಕುತ್ತ್ ಎಂದರೆ ಚುಚ್ಚುವುದು. ತುಳುವಿನಲ್ಲಿಯೂ ಹಸಿರಿಗೆ ಪಚ್ಚೆ ಎಂದೇ ಹೆಸರು. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪೂವು ಹೂವಾಯಿತು, ಪಚ್ಚೆ ಹಚ್ಚೆಯಾಯಿತು.

ಕಪ್ಪು ಕಾಡಿಗೆಯಿಂದ ಚುಚ್ಚಿದ ಗುರುತಿಗೆ ಹಸಿರು ಎಂದು ಹೆಸರು ಬರಲು ಕಾರಣವಿದೆ. ಕಾಡಿಗೆಯ ಕಣಗಳು ಚರ್ಮದ ಒಳಪದರದಲ್ಲಿ ಕುಳಿತಾಗ ಮೇಲಿನ ಪದರ ಬೆಳಕಿನ ನೀಲಿ ಅಂಶವನ್ನು ಹೆಚ್ಚು ಚದುರಿಸುತ್ತದೆ. ಹೀಗಾಗಿ ಕಪ್ಪು ಗುರುತು ಹೊರಗಿನಿಂದ ನೋಡುವವರಿಗೆ ನೀಲಿ ಮಿಶ್ರಿತ ಹಸಿರಾಗಿ ಕಾಣುತ್ತದೆ. ಅಜ್ಜಿಯಂದಿರ ಕೈಮೇಲಿನ ಹಳೆಯ ಹಚ್ಚೆ ಹಸಿರಾಗಿ ಕಾಣುವುದು ಇದರಿಂದಲೇ.

ಟ್ಯಾಟೂ ಎಂಬ ಶಬ್ದ ಪಾಲಿನೇಷ್ಯಾದ ದ್ವೀಪಗಳ 'ತತಾವು' ಎಂಬುದರಿಂದ ಬಂದದ್ದು. 1769ರಲ್ಲಿ ತಹಿತಿ ದ್ವೀಪಕ್ಕೆ ಹೋದ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗಿನವರ ಮೂಲಕ ಅದು ಇಂಗ್ಲಿಷಿಗೆ ಸೇರಿತು. ಪದ್ಧತಿ ಮಾತ್ರ ಇನ್ನೂ ಹಳೆಯದು. 1991ರಲ್ಲಿ ಯುರೋಪಿನ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕಿದ, ಸುಮಾರು 5,300 ವರ್ಷ ಹಿಂದಿನ 'ಓಟ್ಸಿ' ಎಂಬ ಮನುಷ್ಯನ ಶವದ ಮೇಲೆ 61 ಹಚ್ಚೆ ಗುರುತುಗಳಿವೆ.

ಹಿಂದಿನವರ ಹಚ್ಚೆ

ಕರ್ನಾಟಕದಲ್ಲಿ ಹಚ್ಚೆ ಹಾಕುವ ಕೆಲಸ ಹೆಚ್ಚಾಗಿ ಊರೂರು ತಿರುಗುವ ಕೊರವ ಸಮುದಾಯದ ಹೆಂಗಸರದ್ದಾಗಿತ್ತು. ದೀಪದ ಕಾಡಿಗೆಗೆ ಹಸಿರು ಸೊಪ್ಪಿನ ರಸ ಸೇರಿಸಿ, ಒಟ್ಟಾಗಿ ಕಟ್ಟಿದ ಸೂಜಿಗಳಿಂದ ಚುಚ್ಚುತ್ತಿದ್ದರು. ಕೂಲಿಯಾಗಿ ಅಕ್ಕಿ, ಹಳೆ ಬಟ್ಟೆ, ಚಿಲ್ಲರೆ ದುಡ್ಡು ಸಿಗುತ್ತಿತ್ತು. ಬ್ರಿಟಿಷ್ ಅಧಿಕಾರಿ ಎಡ್ಗರ್ ಥರ್ಸ್ಟನ್ 1900ರ ದಶಕದಲ್ಲಿ ದಕ್ಷಿಣ ಭಾರತದ ಜನಜೀವನದ ಬಗ್ಗೆ ಬರೆದ ಗ್ರಂಥಗಳಲ್ಲಿ ಈ ಕಸುಬಿನ ವಿವರಗಳಿವೆ.

ಆ ಕಾಲದ ಮಾದರಿಗಳು ಸರಳ. ಚುಕ್ಕಿ ರಂಗೋಲಿ, ತುಳಸಿಕಟ್ಟೆ, ಚೇಳು, ಹೂಬಳ್ಳಿ, ದೇವರ ಹೆಸರು, ಗಂಡನ ಹೆಸರು. ಸತ್ತ ಮೇಲೆ ಒಡವೆ ಜೊತೆಗೆ ಬರುವುದಿಲ್ಲ, ಹಚ್ಚೆ ಬರುತ್ತದೆ ಎಂಬ ನಂಬಿಕೆ ಹಲವು ಕಡೆ ಇತ್ತು. ದೇಹವನ್ನು ವಿರೂಪಗೊಳಿಸಿ ತೋರಿಸುವ ಚಿತ್ರಗಳು ಹಳೆಯ ಹಚ್ಚೆಯಲ್ಲಿ ಕಾಣುವುದಿಲ್ಲ. ಅವುಗಳನ್ನು ನೋಡಬೇಕಾದರೆ ದೈವಸ್ಥಾನದ ಮುಂದಿನ ಅಂಗಳಕ್ಕೂ ಆಟದ ಚೌಕಿಗೂ ಹೋಗಬೇಕು.

ಗಡಿನಾಡಿನ ವಿಚಿತ್ರ ದೇಹಗಳು

ರಾಮಾಯಣದ ಕಬಂಧ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅವನಿಗೆ ತಲೆಯಿಲ್ಲ, ಬಾಯಿ ಹೊಟ್ಟೆಯಲ್ಲಿ, ಕೈಗಳು ಯೋಜನದಷ್ಟು ಉದ್ದ. ಶಿವನ ಗಣಗಳಲ್ಲಿ ಒಬ್ಬನಾದ ಭೃಂಗಿಗೆ ಮೂರು ಕಾಲು. ಕರ್ನಾಟಕ ಸರಕಾರದ ಲಾಂಛನದಲ್ಲಿರುವ ಗಂಡಭೇರುಂಡ ಎರಡು ತಲೆಯ ಹಕ್ಕಿ. ವಿಜಯನಗರ ಕಾಲದ ದೇವಸ್ಥಾನಗಳ ಕಂಬಗಳಲ್ಲಿ ಒಂದೇ ತಲೆಯನ್ನು ಆನೆಯಾಗಿಯೂ ಗೂಳಿಯಾಗಿಯೂ ನೋಡಬಹುದಾದ ಕೆತ್ತನೆಗಳಿವೆ. ಒಂದು ದೇಹವನ್ನು ಕೈಯಿಂದ ಮುಚ್ಚಿದರೆ ಇನ್ನೊಂದು ಪ್ರಾಣಿ ಎದ್ದು ಕಾಣುತ್ತದೆ.

ತುಳುನಾಡಿನ ದೈವಗಳಲ್ಲಿ ಪಂಜುರ್ಲಿಗೆ ಹಂದಿಯ ಮುಖ. ಜುಮಾದಿ ಅಥವಾ ಧೂಮಾವತಿಗೆ ಗಂಡಿನ ಮೀಸೆ, ಹೆಣ್ಣಿನ ಎದೆಕವಚ. ಗಂಡೂ ಹೆಣ್ಣೂ ಒಂದೇ ದೇಹದಲ್ಲಿರುವ ಈ ರೂಪವನ್ನು ಹಳ್ಳಿಯ ಜನ ತಲೆಮಾರುಗಳಿಂದ ಕೈಮುಗಿದು ನೋಡುತ್ತಾ ಬಂದಿದ್ದಾರೆ. ಉಡುಪಿ ಜಿಲ್ಲೆಯ ಬಾರ್ಕೂರು ಸಮೀಪದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದಲ್ಲಿ ಕೆಂಪು ಬಣ್ಣ ಬಳಿದ ನೂರಕ್ಕೂ ಹೆಚ್ಚು ಮರದ ಮೂರ್ತಿಗಳಿವೆ. ಮನುಷ್ಯರು, ಪ್ರಾಣಿಗಳು, ಎರಡೂ ಸೇರಿದ ಆಕೃತಿಗಳು ಅಲ್ಲಿ ಸಾಲಾಗಿ ನಿಂತಿವೆ. ಅಲ್ಲಿನ ಹಳೆಯ ಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ.

ಮುಖದ ಮೇಲಿನ ಬರವಣಿಗೆ

ಕರಾವಳಿ ಕನ್ನಡದಲ್ಲಿ ಚಿತ್ರವನ್ನು 'ಬರೆಯುತ್ತಾರೆ'. ಮಲಯಾಳದಲ್ಲಿ ತೆಯ್ಯಂನ ಮುಖದ ಚಿತ್ರಕ್ಕೆ 'ಮುಖತ್ತೆಳುತ್ತ್', ಮೈಮೇಲಿನ ಚಿತ್ರಕ್ಕೆ 'ಮೆಯ್ಯೆಳುತ್ತ್' ಎಂದು ಹೆಸರು. ಎಳುತ್ತ್ ಎಂದರೆ ಬರವಣಿಗೆ. ಭಾಷೆ ಎರಡಾದರೂ ಯೋಚನೆ ಒಂದೇ.

ತೆಯ್ಯಂ ಕಲಾವಿದ ನೆಲದ ಮೇಲೆ ಅಂಗಾತ ಮಲಗುತ್ತಾನೆ. ಇನ್ನೊಬ್ಬ ತಲೆಯ ಬದಿ ಕುಳಿತು ತೆಂಗಿನ ಗರಿಯ ಕಡ್ಡಿಯಿಂದ ಗೆರೆ ಎಳೆಯುತ್ತಾನೆ. ಹಳದಿಗೆ ಮನಯೋಲ, ಅಂದರೆ ನಮ್ಮ ಅರದಾಳ. ಕೆಂಪಿಗೆ ಚಾಯಿಲ್ಯಂ, ಅಂದರೆ ಇಂಗಳೀಕ. ಕಪ್ಪಿಗೆ ಕಾಡಿಗೆ, ಬಿಳಿಗೆ ಅಕ್ಕಿಹಿಟ್ಟು. ಅರಸಿನಕ್ಕೆ ಸುಣ್ಣ ಸೇರಿಸಿದರೂ ಕೆಂಪು ಸಿಗುತ್ತದೆ. ಒಂದೊಂದು ತೆಯ್ಯಂಗೆ ಒಂದೊಂದು ಮಾದರಿ. ಗೆರೆ ನೋಡಿಯೇ ಬಲ್ಲವರು ತೆಯ್ಯಂನ ಹೆಸರು ಹೇಳುತ್ತಾರೆ. ಗುಳಿಗನಂತಹ ಕೆಲವಕ್ಕೆ ಅಡಿಕೆ ಹಾಳೆಯ ಮುಖವಾಡವೂ ಇದೆ.

ಈ ಚಿತ್ರಗಳ ಲೆಕ್ಕಾಚಾರ ಸೂಕ್ಷ್ಮವಾದದ್ದು. ಕಣ್ಣಿನ ಸುತ್ತ ಅಗಲವಾಗಿ ಕಪ್ಪು ಬಳಿದರೆ ಕಣ್ಣು ನಿಜಕ್ಕಿಂತ ದೊಡ್ಡದಾಗುತ್ತದೆ. ಹುಬ್ಬಿನ ಗೆರೆಯನ್ನು ಕಿವಿಯ ತನಕ ಎಳೆದರೆ ಮುಖದ ಅಳತೆಯೇ ಬದಲಾಗುತ್ತದೆ. ತುಟಿಯ ಗೆರೆ ಕೆನ್ನೆಗೆ ಇಳಿದರೆ ಬಾಯಿ ಮುಚ್ಚಿದ್ದರೂ ತೆರೆದಂತೆ ಕಾಣುತ್ತದೆ. ಸೂಟೆಯ ಬೆಳಕಿನಲ್ಲಿ, ದೂರದಿಂದ ನೋಡುವವರಿಗಾಗಿ ಮಾಡಿದ ವ್ಯವಸ್ಥೆ ಇದು.

ತೆಂಕುತಿಟ್ಟಿನ ಬಣ್ಣದ ವೇಷದಲ್ಲಿ ಚಿತ್ರ ಮುಖದಿಂದ ಹೊರಗೆ ಬರುತ್ತದೆ. ಅಕ್ಕಿಹಿಟ್ಟು ಮತ್ತು ಸುಣ್ಣ ಕಲಸಿದ ಹದವಾದ ಪಾಕವನ್ನು ಕಡ್ಡಿಯಿಂದ ಹನಿಹನಿಯಾಗಿ ಮುಖದ ಮೇಲೆ ಇಡುತ್ತಾರೆ. ಒಣಗಿದಾಗ ಅದು ಮುಳ್ಳಿನ ಸಾಲಿನಂತೆ ನಿಲ್ಲುತ್ತದೆ. ಇದಕ್ಕೆ ಚುಟ್ಟಿ ಎಂದು ಹೆಸರು. ಒಂದು ರಾಕ್ಷಸ ವೇಷಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಚಂದ್ರಗಿರಿ ಅಂಬು, ಬಣ್ಣದ ಮಾಲಿಂಗ ಮೊದಲಾದ ಕಲಾವಿದರು ಈ ವಿದ್ಯೆಯಿಂದಲೇ ಹೆಸರಾದವರು. ಬೆಳಗಾಗುತ್ತಿದ್ದಂತೆ ಎಣ್ಣೆ ಹಚ್ಚಿ ಎಲ್ಲವನ್ನೂ ಒರೆಸಿಬಿಡುತ್ತಾರೆ.

ಹಚ್ಚೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ದೈವದ ಮುಖ ಒಂದು ರಾತ್ರಿಯದ್ದು. ಕಟ್ಟುವವರಿಗೆ ವ್ರತವಿದೆ, ಹಕ್ಕಿದೆ, ಕಾಲವಿದೆ. ತುಳುನಾಡಿನಲ್ಲಿ ನಲಿಕೆ, ಪಂಬದ, ಪರವ ಸಮುದಾಯದವರು, ತೆಯ್ಯಂನಲ್ಲಿ ವಣ್ಣಾನ್, ಮಲಯನ್, ವೇಲನ್ ಮೊದಲಾದವರು ಇದನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದಿದ್ದಾರೆ. ಕೋಲ ಮುಗಿದ ಮೇಲೆ ಬಣ್ಣ ಉಳಿಯಬಾರದು. 2022ರಲ್ಲಿ 'ಕಾಂತಾರ' ಸಿನಿಮಾ ಬಿಡುಗಡೆಯಾದ ಮೇಲೆ ದೈವದ ವೇಷ ಹಾಕಿ ವೀಡಿಯೋ ಮಾಡುವುದಕ್ಕೆ ತುಳುನಾಡಿನಲ್ಲಿ ಆಕ್ಷೇಪ ಕೇಳಿಬಂದದ್ದು ಈ ಕಾರಣದಿಂದ. ಪಂಜುರ್ಲಿಯ ಮುಖವನ್ನು ಕಾಲಿನ ಮೇಲೋ ಸೊಂಟದ ಮೇಲೋ ಹಚ್ಚೆಯಾಗಿ ಹಾಕಿಸಿಕೊಳ್ಳಲು ಹೊರಟವರು ಈ ಮಾತನ್ನು ಮನೆಯ ಹಿರಿಯರಲ್ಲಿ ಒಮ್ಮೆ ಕೇಳುವುದು ಒಳ್ಳೆಯದು.

ಪ್ಯಾರಿಸ್‌ನಿಂದ ಟ್ಯಾಟೂ ಅಂಗಡಿಗೆ

ಇಂದಿನ ವಿಚಿತ್ರ ಹಚ್ಚೆಗಳ ಮೂಲ ಬೇರೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಆಂದ್ರೆ ಬ್ರೆತೋ ಎಂಬ ಕವಿ ಅತಿವಾಸ್ತವವಾದದ ಪ್ರಣಾಳಿಕೆ ಪ್ರಕಟಿಸಿದ. ಎಚ್ಚರದ ಬುದ್ಧಿಗಿಂತ ಕನಸಿನ ತರ್ಕ ಹೆಚ್ಚು ನಿಜ ಎಂಬುದು ಆ ಗುಂಪಿನ ವಾದ. ಅವರು ಒಂದು ಆಟ ಆಡುತ್ತಿದ್ದರು. ಒಬ್ಬ ಕಾಗದದ ಮೇಲೆ ತಲೆ ಬರೆದು ಮಡಚುತ್ತಾನೆ. ಅದನ್ನು ನೋಡದೆ ಎರಡನೆಯವ ಹೊಟ್ಟೆ ಬರೆಯುತ್ತಾನೆ, ಮೂರನೆಯವ ಕಾಲು ಬರೆಯುತ್ತಾನೆ. ಬಿಚ್ಚಿದಾಗ ಯಾರೂ ಊಹಿಸದ ದೇಹ ಎದುರಿಗಿರುತ್ತದೆ. ಶಾಲಾ ಮಕ್ಕಳೂ ಆಡಬಹುದಾದ ಆಟ ಇದು. ಸ್ಪೇನ್‌ನ ಸಾಲ್ವದೋರ್ ದಾಲಿ 1936ರಲ್ಲಿ ತನ್ನ ದೇಶದ ಅಂತರ್ಯುದ್ಧವನ್ನು ತನ್ನನ್ನು ತಾನೇ ಹರಿದುಕೊಳ್ಳುವ ದೈತ್ಯ ದೇಹವಾಗಿ ಬರೆದ. ದೇಹದ ವಿಕಾರ ಅಲ್ಲಿ ಯುದ್ಧದ ವಿಕಾರವೇ ಆಗಿತ್ತು.

ಭಾರತದಲ್ಲಿ ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಜೋಡಿಸಿ ವಿಚಿತ್ರ ಜೀವಿಗಳನ್ನೂ ಮುಖಗಳನ್ನೂ ಬರೆದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಕುಣಿಯುವ ದೇಹವನ್ನು ಕೆಲವೇ ಗೆರೆಗಳಲ್ಲಿ ಎಳೆದು ತೋರಿಸಿದರು. ಕಾಸರಗೋಡು ಜಿಲ್ಲೆಯವರೇ ಆದ ಶಿಲ್ಪಿ ಕಾನಾಯಿ ಕುಂಞಿರಾಮನ್ 1969ರಲ್ಲಿ ಮಲಂಪುಳದಲ್ಲಿ ನಿರ್ಮಿಸಿದ ಬೃಹತ್ ಯಕ್ಷಿಯ ದೇಹವೂ ಸಾಮಾನ್ಯ ಅಳತೆಯದ್ದಲ್ಲ. ಆ ಕಾಲದಲ್ಲಿ ಅದು ವಿವಾದಕ್ಕೂ ಕಾರಣವಾಗಿತ್ತು.

ಟ್ಯಾಟೂ ಲೋಕದ ಮೇಲೆ ಹೆಚ್ಚು ಪ್ರಭಾವ ಬೀರಿದವನು ಸ್ವಿಜರ್‌ಲೆಂಡಿನ ಎಚ್.ಆರ್. ಗೀಗರ್ (1940-2014). ಎಲುಬು, ನರ, ಕೊಳವೆ, ಯಂತ್ರ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡ ಅವನ ಚಿತ್ರಗಳಿಂದ 1979ರ 'ಏಲಿಯನ್' ಸಿನಿಮಾದ ಜೀವಿ ಹುಟ್ಟಿತು. ಆ ಚಿತ್ರದ ದೃಶ್ಯ ಪರಿಣಾಮಗಳಿಗೆ ಸಿಕ್ಕಿದ ಆಸ್ಕರ್ ಪ್ರಶಸ್ತಿಯಲ್ಲಿ ಅವನಿಗೂ ಪಾಲಿತ್ತು. ಚರ್ಮ ಹರಿದು ಒಳಗೆ ಯಂತ್ರ ಕಾಣುವ 'ಬಯೋಮೆಕ್ಯಾನಿಕಲ್' ಹಚ್ಚೆಗಳು ಅವನ ಕಲೆಯಿಂದಲೇ ಬೆಳೆದವು.

ವಿಜ್ಞಾನವೂ ಇಂತಹ ಒಂದು ಚಿತ್ರ ಬರೆದಿದೆ. ಕೆನಡಾದ ಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ರೋಗಿಗಳ ಮಿದುಳನ್ನು ಪರೀಕ್ಷಿಸಿ, ದೇಹದ ಯಾವ ಅಂಗಕ್ಕೆ ಮಿದುಳಿನಲ್ಲಿ ಎಷ್ಟು ಜಾಗವಿದೆ ಎಂದು ಗುರುತಿಸಿದ. 1937 ಮತ್ತು 1950ರಲ್ಲಿ ಪ್ರಕಟವಾದ ಆ ಚಿತ್ರದ ಮನುಷ್ಯನಿಗೆ ಭಾರೀ ಕೈಗಳು, ದಪ್ಪ ತುಟಿ, ದೊಡ್ಡ ನಾಲಿಗೆ, ಸಣ್ಣ ಬೆನ್ನು. ಬೀಡಿ ಕಟ್ಟುವವರ, ಹೂ ಕಟ್ಟುವವರ ಬೆರಳಿಗೆ ಮಿದುಳು ಬೆನ್ನಿಗಿಂತ ಹೆಚ್ಚು ಜಾಗ ಏಕೆ ಕೊಡಬೇಕು ಎಂಬುದು ಇದರಿಂದ ಅರ್ಥವಾಗುತ್ತದೆ. ನಾವು ಹೊರಗೆ ಕಾಣುವ ದೇಹ ಬೇರೆ, ಮಿದುಳು ತಿಳಿದಿರುವ ದೇಹ ಬೇರೆ.

ಚರ್ಮದೊಳಗೆ ನಡೆಯುವುದು

ವಿದ್ಯುತ್ ಟ್ಯಾಟೂ ಯಂತ್ರಕ್ಕೆ 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ ಪೇಟೆಂಟ್ ಪಡೆದ. ಥಾಮಸ್ ಎಡಿಸನ್ ನಕಲು ಪ್ರತಿ ತೆಗೆಯಲು ಮಾಡಿದ್ದ ವಿದ್ಯುತ್ ಪೆನ್ನು ಅದಕ್ಕೆ ಆಧಾರ. ಇಂದಿನ ಯಂತ್ರದ ಸೂಜಿ ಚರ್ಮದೊಳಗೆ ಸುಮಾರು 1ರಿಂದ 2 ಮಿಲಿಮೀಟರ್ ಇಳಿಯುತ್ತದೆ.

ಚರ್ಮದ ಮೇಲಿನ ಪದರ ಸುಮಾರು ಒಂದು ತಿಂಗಳಲ್ಲಿ ಉದುರಿ ಹೊಸದಾಗುತ್ತದೆ. ಮದರಂಗಿಯ ಬಣ್ಣ ಹೋಗುವುದು ಅದಕ್ಕೇ. ಹಚ್ಚೆಯ ಬಣ್ಣ ಕೆಳಗಿನ ಪದರಕ್ಕೆ ಸೇರುತ್ತದೆ. ದೇಹ ಅದನ್ನು ಹೊರಗಿನ ವಸ್ತು ಎಂದು ಗುರುತಿಸುತ್ತದೆ. ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳು ಬಂದು ಬಣ್ಣವನ್ನೂ ನುಂಗುತ್ತವೆ, ಆದರೆ ಅರಗಿಸಲಾಗದೆ ಹಾಗೆಯೇ ಉಳಿಯುತ್ತವೆ. ಒಂದು ಕೋಶ ಸತ್ತಾಗ ಬಿಟ್ಟ ಬಣ್ಣವನ್ನು ಪಕ್ಕದ ಹೊಸ ಕೋಶ ಹಿಡಿದುಕೊಳ್ಳುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಅಂದರೆ ಹಚ್ಚೆ ಎನ್ನುವುದು ದೇಹ ಗೆಲ್ಲಲಾಗದೆ ಕಾವಲು ಕಾಯುತ್ತಿರುವ ಒಂದು ಗಾಯ. ಬಣ್ಣದ ಒಂದಂಶ ಕಂಕುಳು, ತೊಡೆಸಂದಿನ ಹಾಲ್ರಸ ಗ್ರಂಥಿಗಳಿಗೂ ಹೋಗಿ ಸೇರುತ್ತದೆ.

ಚಿತ್ರವೂ ದೇಹದೊಂದಿಗೆ ಬದಲಾಗುತ್ತದೆ. ತೂಕ ಹೆಚ್ಚಿದರೆ, ಬಸುರಾದರೆ, ಮುಪ್ಪು ಬಂದರೆ ಗೆರೆಗಳು ಹಿಗ್ಗುತ್ತವೆ, ಮಸುಕಾಗುತ್ತವೆ. ಅಂಗರಚನೆ ಗೊತ್ತಿರುವ ಕಲಾವಿದ ಸ್ನಾಯುವಿನ ಚಲನೆ ನೋಡಿ ಗೆರೆ ಹಾಕುತ್ತಾನೆ. ಕಾಗದದ ಮೇಲೆ ಚಂದ ಕಂಡದ್ದು ತೋಳು ಮಡಚಿದಾಗ ಬೇರೆಯೇ ಆಗಬಹುದು.

ಆರೋಗ್ಯ, ಉದ್ಯೋಗ

ಒಬ್ಬರಿಗೆ ಬಳಸಿದ ಸೂಜಿ ಅಥವಾ ಬಣ್ಣವನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಹರಡುವ ಅಪಾಯವಿದೆ. ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಸಿಗೆ ಇಲ್ಲ. ಜಾತ್ರೆ, ಉರೂಸ್‌ಗಳಲ್ಲಿ ಒಂದೇ ಸೂಜಿಯಿಂದ ಸಾಲಾಗಿ ಹಾಕುವ ಕಡೆ ಹಾಕಿಸಿಕೊಳ್ಳಬಾರದು. ಗಾಯದ ಗುರುತು ಉಬ್ಬಿ ಬೆಳೆಯುವ ದೇಹಪ್ರಕೃತಿಯವರು, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಬಣ್ಣದಲ್ಲಿ ಏನಿದೆ ಎಂಬುದೂ ಮುಖ್ಯ. ಯುರೋಪ್ ಒಕ್ಕೂಟ 2022ರ ಜನವರಿಯಿಂದ ಟ್ಯಾಟೂ ಬಣ್ಣಗಳಲ್ಲಿ ಸಾವಿರಾರು ರಾಸಾಯನಿಕಗಳಿಗೆ ನಿರ್ಬಂಧ ಹೇರಿದೆ.

ಮುಸ್ಲಿಂ ಮನೆಗಳಲ್ಲಿ ಶಾಶ್ವತ ಹಚ್ಚೆ ಧಾರ್ಮಿಕವಾಗಿ ನಿಷಿದ್ಧ. ಮದರಂಗಿ ಅಥವಾ ಮೈಲಾಂಜಿಗೆ ಅಡ್ಡಿಯಿಲ್ಲ. ಆದರೆ 'ಕಪ್ಪು ಮದರಂಗಿ' ಎಂದು ಮಾರುವ ಕೋನ್‌ಗಳಲ್ಲಿ ತಲೆಕೂದಲಿಗೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರಬಹುದು. ಇದರಿಂದ ಚರ್ಮ ಸುಟ್ಟಂತೆ ಬೊಬ್ಬೆ ಬರುತ್ತದೆ, ಕೆಲವರಿಗೆ ಕಲೆ ಉಳಿಯುತ್ತದೆ. ನಿಜವಾದ ಮದರಂಗಿ ಎಲೆಯ ಬಣ್ಣ ಕಿತ್ತಳೆ ಕೆಂಪು. ಹಚ್ಚಿದ ಕೂಡಲೇ ಕಪ್ಪಾದರೆ ಅದು ಬರೇ ಮದರಂಗಿಯಲ್ಲ.

ಹಚ್ಚೆ ಹಾಕಿಸಿಕೊಂಡವರು 12 ತಿಂಗಳು ರಕ್ತದಾನ ಮಾಡುವಂತಿಲ್ಲ. ಸೇನೆಗೆ ಸೇರಲು ಬಯಸುವವರು ಇನ್ನೂ ಎಚ್ಚರ ವಹಿಸಬೇಕು. ಸಾಮಾನ್ಯ ಅಭ್ಯರ್ಥಿಗಳಿಗೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶವಿದೆ. ಬುಡಕಟ್ಟು ಸಮುದಾಯಗಳಿಗೆ ಸಂಪ್ರದಾಯದ ಆಧಾರದಲ್ಲಿ ವಿನಾಯಿತಿ ಇದೆ. ಎದೆ, ಬೆನ್ನು, ಕುತ್ತಿಗೆಯ ಮೇಲಿನ ಒಂದು ಚಿತ್ರದಿಂದ ವರ್ಷಗಟ್ಟಲೆ ಓಡಿ ಅಭ್ಯಾಸ ಮಾಡಿದ ಹುಡುಗ ವೈದ್ಯಕೀಯ ಪರೀಕ್ಷೆಯಲ್ಲಿ ಹೊರಗುಳಿಯಬಹುದು. ಲೇಸರ್‌ನಿಂದ ತೆಗೆಸುವುದು ಸಾಧ್ಯ, ಆದರೆ ಹಲವು ಬಾರಿ ಹೋಗಬೇಕು. ಹಾಕಿಸಿದ ಖರ್ಚಿಗಿಂತ ತೆಗೆಸುವ ಖರ್ಚು ಹೆಚ್ಚು. ಕೆಲವು ಬಣ್ಣಗಳು ಪೂರ್ತಿ ಹೋಗುವುದಿಲ್ಲ.

ಈ ಜಿಲ್ಲೆಯಲ್ಲಿ ಮರೆಯಬಾರದ ಮಾತು

ಬೇರೆ ಊರುಗಳಲ್ಲಿ ವಿಕಾರ ದೇಹದ ಚಿತ್ರ ಬರೇ ಕಲ್ಪನೆ. ಕಾಸರಗೋಡಿನಲ್ಲಿ ಹಾಗಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 2000ದ ತನಕ, ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಮುಳಿಯಾರು ಮುಂತಾದ ಪಂಚಾಯತುಗಳಲ್ಲಿ ದೊಡ್ಡ ತಲೆ, ಬಾಗಿದ ಕೈಕಾಲುಗಳ ಮಕ್ಕಳು ಹುಟ್ಟಿದರು. ಪಡ್ರೆಯ ಪತ್ರಕರ್ತ ಶ್ರೀಪಡ್ರೆ, ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಮೊದಲಾದವರ ಪ್ರಯತ್ನದಿಂದ ವಿಷಯ ಹೊರಜಗತ್ತಿಗೆ ತಿಳಿಯಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ಗೆ ದೇಶವ್ಯಾಪಿ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಆದೇಶಿಸಿತು.

ಆ ಮಕ್ಕಳ ಫೋಟೋಗಳು ಹೋರಾಟಕ್ಕೆ ಬಲ ಕೊಟ್ಟವು ಎಂಬುದು ನಿಜ. ಆದರೆ ಅದೇ ಫೋಟೋಗಳು ಹೆಸರು, ಊರು, ಕಾರಣ ಎಲ್ಲವನ್ನೂ ಕಳೆದುಕೊಂಡು ಯಾವುದೋ ಭಯಾನಕ ಚಿತ್ರದ ಮಾದರಿಯಾಗಿ ತಿರುಗಾಡಿದರೆ ಅದು ಕಲೆಯಲ್ಲ. ಕಬಂಧ ಯಾರ ಮಗನ ಫೋಟೋವೂ ಅಲ್ಲ. ಜುಮಾದಿಯ ರೂಪ ನೋಡಿ ಜನ ಕೈಮುಗಿಯುತ್ತಾರೆ, ನಗುವುದಿಲ್ಲ. ಕಲ್ಪಿಸಿದ ದೇಹಕ್ಕೂ ಬದುಕಿರುವ ದೇಹಕ್ಕೂ ಇರುವ ಈ ಗೆರೆಯನ್ನು ಹಳೆಯ ಕಲೆ ದಾಟಲಿಲ್ಲ.

ಕಾನೂನೂ ಇದನ್ನು ಹೇಳುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 92ನೇ ಸೆಕ್ಷನ್ ಪ್ರಕಾರ ಸಾರ್ವಜನಿಕವಾಗಿ ಅಂಗವಿಕಲರನ್ನು ಉದ್ದೇಶಪೂರ್ವಕ ಅವಮಾನಿಸಿದರೆ 6 ತಿಂಗಳಿಂದ 5 ವರ್ಷದ ತನಕ ಸಜೆ ಹಾಗೂ ದಂಡ ಇದೆ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಮತ್ತಿತರ ದೃಶ್ಯ ಮಾಧ್ಯಮಗಳು ಅಂಗವಿಕಲರನ್ನು ಹೇಗೆ ಚಿತ್ರಿಸಬೇಕು ಎಂಬ ಬಗ್ಗೆ ಮಾರ್ಗಸೂಚಿ ನೀಡಿದೆ.

ಹಾಕಿಸಿಕೊಳ್ಳುವ ಮುನ್ನ

18 ವರ್ಷ ತುಂಬುವ ತನಕ ಕಾಯಬೇಕು. ಸೂಜಿಯ ಪ್ಯಾಕೆಟನ್ನು ಕಣ್ಣೆದುರೇ ಒಡೆಯಲು ಹೇಳಬೇಕು. ಬಣ್ಣವನ್ನು ದೊಡ್ಡ ಬಾಟಲಿಯಿಂದ ನೇರವಾಗಿ ಅದ್ದದೆ, ಒಬ್ಬರಿಗೆ ಒಂದರಂತೆ ಸಣ್ಣ ಮುಚ್ಚಳದಲ್ಲಿ ಹಾಕಿಕೊಳ್ಳುತ್ತಾರೆಯೇ ನೋಡಬೇಕು. ಕೈಗವಸು ಹೊಸದಿರಬೇಕು. ಚಿತ್ರವನ್ನು ಕಾಗದದ ಮೇಲೆ ಬರೆಸಿ ಕೆಲವು ತಿಂಗಳು ಗೋಡೆಗೆ ಅಂಟಿಸಿ ನೋಡಬೇಕು. ಆಗಲೂ ಬೇಕು ಅನಿಸಿದರೆ ಮುಂದುವರಿಯಬಹುದು. ಗಾಯ ಒಣಗುವ ತನಕ ಹೊಳೆ, ಕೆರೆ, ಸಮುದ್ರದ ನೀರಿಗೆ ಇಳಿಯಬಾರದು. ಕೀವು, ಜ್ವರ, ಉರಿ ಕಂಡರೆ ಅಂಗಡಿಗೆ ಹೋಗದೆ ಆಸ್ಪತ್ರೆಗೆ ಹೋಗಬೇಕು.

ಬರೆಯುವ ಆಸೆ ಇರುವವರಿಗೆ ಸೂಜಿ ಬೇಕೆಂದೇನೂ ಇಲ್ಲ. ಪತ್ತನಾಜೆಯ ಒಳಗೆ ಹತ್ತಿರದ ಯಾವುದಾದರೂ ಆಟದ ಚೌಕಿಯಲ್ಲಿ ಕಲಾವಿದರ ಅನುಮತಿ ಪಡೆದು ಒಂದು ಗಂಟೆ ಕುಳಿತರೆ, ಮನುಷ್ಯನ ಮುಖ ಗೆರೆ ಗೆರೆಯಾಗಿ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಕಲಿಯಬಹುದು.